ಅಮೆರಿಕದಿಂದ ಬಂದ ಸವತಿ

ಲೋಕದಲ್ಲಿ ಸವತಿಯರೆಂದರೆ ಚೆಲುವೆಯರೇ ಇರಬೇಕೇನೋ. ನನ್ನ ಪಾಲಿಗೆ ಬಂದ ಸವತಿಗೆ ಮುಂದಲೆ ಪೂರ್ತಿ ಬೋಳು, ಹಿಂದೆ ಹೆಗಲವರೆಗೆ ಇಳಿಬಿದ್ದ ಕೂದಲು, ಊದಿಕೊಂಡ ಕೆನ್ನೆ. ಸಾಲದ್ದಕ್ಕೆ ಗಂಡಸು! ಊರು ಅಮೆರಿಕ. ಎತ್ತರ ನನ್ನ ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ಹೆಚ್ಚು.

ನಮ್ಮ ಯಜಮಾನರಿಗೆ ಅಂಚೆಚೀಟಿಯ ಹುಚ್ಚು. ದೇವರು ದೊಡ್ಡವನು, ಕುಡಿತವಿಲ್ಲ, ಇಸ್ಪೀಟಿಲ್ಲ, ತೆಂಗಿನ ತೋಟವನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾರೆ, ಬಡಿಸಿದ್ದನ್ನು ಮಾತಿಲ್ಲದೆ ಉಣ್ಣುತ್ತಾರೆ. ಉಪ್ಪು ಹಾಕುವುದನ್ನು ಮರೆತರೂ ಅವರಿಗೆ ತಿಳಿಯುವುದಿಲ್ಲ ಎನ್ನುವುದು ಬೇರೆ ಮಾತು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಹತ್ತಿದ ಹುಚ್ಚು, ಮದುವೆಯಾದರೂ ಬಿಡಲಿಲ್ಲ. ಮದುವೆಯಾದರೆ ಬಿಡುತ್ತದೆ ಎಂದು ನಮ್ಮತ್ತೆ ನನ್ನನ್ನು ತಂದುಕೊಂಡರಂತೆ. ಪಾಪ, ಔಷಧಿ ಕೆಲಸ ಮಾಡಲಿಲ್ಲ.

ಅಮೆರಿಕದಲ್ಲಿ ಇವರಿಗೊಬ್ಬ ಪತ್ರಮಿತ್ರ. ಇಲ್ಲಿಂದ ಹಳೆಯ ಸಂಸ್ಥಾನಗಳ ಚೀಟಿಗಳನ್ನು ಇವರು ಕಳಿಸಬೇಕು, ಅಲ್ಲಿಂದ ಆತ ತನ್ನ ದೇಶದ ಹಳೆಯ ಕಾಗದಗಳನ್ನು ಕಳಿಸಬೇಕು. ಹಾಗೆ ಬಂದದ್ದು ಈ ಮುದುಕನ ಕಾಗದ. ಅಮೆರಿಕದಲ್ಲಿ ಅಂಚೆಚೀಟಿ ಹುಟ್ಟಿದ ಹೊಸದರಲ್ಲಿ ಯಾರೋ ಯಾರಿಗೋ ಬರೆದದ್ದು. ಆಗಿನ್ನೂ ಲಕೋಟೆಯ ರೂಢಿ ಕಡಿಮೆಯಂತೆ. ಬರೆದ ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಬೆನ್ನ ಮೇಲೆ ವಿಳಾಸ ಬರೆದು, ಮೂಲೆಯಲ್ಲಿ ಚೀಟಿಯಾಗಿ ಈ ಕಂದು ಬಣ್ಣದ ಮುದುಕನನ್ನು ಅಂಟಿಸಿದ್ದರು. ಚೀಟಿಯ ಅಂಚಿಗೆ ಹಲ್ಲುಗಳಿಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು. ಅದನ್ನು ಕಾಗದದಿಂದ ಬಿಡಿಸಲೇಬಾರದು, ಬಿಡಿಸಿದರೆ ಬೆಲೆಯೆಲ್ಲ ಹೋಯಿತು ಎಂದು ನನಗೆ ಪಾಠ ಹೇಳಿದರು. ಜೋಡಿಯನ್ನು ಅಗಲಿಸಬಾರದು ಎಂದು ಅಷ್ಟು ಚೆನ್ನಾಗಿ ಬಲ್ಲವರು, ಸಂಜೆಯಾದರೆ ಹೆಂಡತಿಯನ್ನು ಅಡುಗೆಮನೆಯಲ್ಲಿ ಬಿಟ್ಟು ಆ ಕಾಗದದೊಂದಿಗೆ ಕೋಣೆ ಸೇರುತ್ತಿದ್ದರು!

ನಾನು ಮಡಿಯುಟ್ಟು ದೇವರ ಮನೆಗೆ ಹೋದರೆ ನಗುವ ಮನುಷ್ಯ ಇವರು. ಆ ಕಾಗದದ ಮಡಿ ನೋಡಬೇಕಿತ್ತು! ಕೈ ತೊಳೆದು, ಒರೆಸಿ, ಒಣಗಿಸಿ, ಆಮೇಲೂ ಕೈಯಿಂದ ಮುಟ್ಟದೆ ಚಿಮುಟದಲ್ಲಿ ಎತ್ತುವುದು. ನಾನು ಬಾಗಿಲಲ್ಲಿ ನಿಂತರೆ ಒದ್ದೆ ಕೈಯೇ ಎಂದು ಕೇಳುವುದು. ಹತ್ತಿರ ಬಂದರೆ ಉಸಿರು ಬಿಡಬೇಡ ಎನ್ನುವುದು. ಅತ್ತೆ ಒಂದು ದಿನ ನೋಡಿ ನೋಡಿ, "ನಮ್ಮನೇಲಿ ಮಡಿ ಅಂದ್ರೆ ಇವ್ನೊಬ್ಬಂದೇ ಕಣೇ, ನಾವೆಲ್ಲ ಬರೀ ಆಟ ಆಡ್ತಾ ಇದೀವಿ" ಎಂದರು.

ಕಾಗದಗಳ ಪೆಟ್ಟಿಗೆಯನ್ನು ಇವರು ಕೊಬ್ಬರಿ ಅಟ್ಟದ ಮೇಲೆ ಇಟ್ಟಿದ್ದರು. ಮಳೆಗಾಲದಲ್ಲೂ ಬೆಚ್ಚಗಿರುವ ಜಾಗ ಮನೆಯಲ್ಲಿ ಅದೊಂದೇ. ಕೆಳಗೆ ಒಲೆ, ಮೇಲೆ ಹೊಗೆ, ನಡುವೆ ಕಾಯಿ ವರ್ಷವಿಡೀ ಒಣಗಿ ಕೊಬ್ಬರಿಯಾಗಬೇಕು. ಅಲ್ಲಿಂದ ತೆಗೆದ ಚೀಟಿಗಳನ್ನು ಕಳಿಸಿದರೆ, ಇದೇನು ಪರಿಮಳ ಎಂದು ಅಮೆರಿಕದ ಮಿತ್ರ ಕೇಳಿ ಬರೆದ. ಅದಕ್ಕೆ ಇವರು ಪುಟಗಟ್ಟಲೆ ಉತ್ತರ ಬರೆದರು: ಮರ, ಮಟ್ಟೆ, ಅಟ್ಟ, ಹೊಗೆ, ಎಲ್ಲ. ನಾನು ಬಾಣಂತನಕ್ಕೆ ತವರಿಗೆ ಹೋದಾಗ ಇದೇ ಕೈ ಬರೆದ ಕಾರ್ಡು ನನಗೆ ಬಂದಿತ್ತು. "ಎಲ್ಲರೂ ಕ್ಷೇಮ. ಹಸು ಕರು ಹಾಕಿತು." ಮುಗಿಯಿತು! ಹೆಣ್ಣುಕರು ಎಂದು ಕೂಡ ಬರೆದಿರಲಿಲ್ಲ.

ತಿಪಟೂರಿನಿಂದ ಕೊಬ್ಬರಿ ನೋಡಲು ಬಂದ ವ್ಯಾಪಾರಿ ಸಾಬರೊಬ್ಬರಿಗೂ ಕಾಗದದ ದರ್ಶನವಾಯಿತು. ಅದರಲ್ಲಿ ಬರೆದಿರುವುದೇನು ಎಂದು ಅವರು ಕೇಳಿದರು. ಯಾರೋ ಅಂಗಡಿಯವನು ಇನ್ನೊಬ್ಬನಿಗೆ ಹತ್ತಿ ಕಳಿಸಲು ಹೇಳಿದ್ದಾನೆ ಎಂದರು ಇವರು.

"ಮಾಲು ಬಂತಾ?" ಎಂದರು ಸಾಬರು.

ಇವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಸೂರ ಹಿಡಿದು ನೋಡಿದವರಿಗೆ ಅದು ಹೊಳೆದೇ ಇರಲಿಲ್ಲ. ಸಾಬರು ಚಹಾ ಮುಗಿಸಿ ಏಳುವವರೆಗೂ ಆ ಹತ್ತಿಯ ಗತಿಗೆ ಮರುಗುತ್ತಿದ್ದರು. ನನಗೆ ಹತ್ತಿಯ ಚಿಂತೆ ಇರಲಿಲ್ಲ. ಆ ಮುದುಕನನ್ನು ನೋಡುವಷ್ಟು ಹೊತ್ತು ನನ್ನ ಗಂಡ ಒಂದು ದಿನ ನನ್ನನ್ನು ನೋಡಲಿ ಎಂಬ ಚಿಂತೆ. ಸಂಪಿಗೆ ಊರಿನ ಶ್ರೀನಿವಾಸ ದೇವರ ಮುಂದೆ ನಿಂತು ಬೇರೇನೋ ಕೇಳಲು ಹೋದಾಗಲೂ ಬಾಯಿಗೆ ಇದೇ ಬರುತ್ತಿತ್ತು.

ಒಂದು ವರ್ಷ ತುಮಕೂರಿನಲ್ಲಿ ಅಂಚೆಚೀಟಿಗಳ ಪ್ರದರ್ಶನವಾಗುತ್ತದೆಂದೂ ಇವರ ಕಾಗದಗಳನ್ನೂ ಇಡಬಹುದೆಂದೂ ತಿಳಿದುಬಂತು. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೆಟ್ಟಿಗೆ ಅಟ್ಟದಿಂದಿಳಿಯಿತು. ಪ್ರದರ್ಶನಕ್ಕೆ ಮುಂಚೆ ಆಯುಧಪೂಜೆ ಬಂತು. ಇವರು ಬೆಳಗ್ಗೆ ತೋಟಕ್ಕೆ ಹೋಗಿದ್ದಾಗ ಅತ್ತೆ ಕುಡುಗೋಲು, ಮಚ್ಚು, ಈಳಿಗೆಮಣೆ, ತಕ್ಕಡಿ, ಸೈಕಲ್ಲು ಎಲ್ಲವನ್ನೂ ನಡುಮನೆಯಲ್ಲಿ ಜೋಡಿಸಿದರು. ನಾನು ಹಿತ್ತಲಿನಿಂದ ಹೂ ಬಿಡಿಸಿಕೊಂಡು ಬರುವಷ್ಟರಲ್ಲಿ ಅರಿಶಿನ ಕುಂಕುಮ ಹಚ್ಚಿ ಮುಗಿದಿತ್ತು. ಸೈಕಲ್ಲಿನ ಪಕ್ಕದಲ್ಲಿ, ಮಣೆಯ ಮೇಲೆ, ಆ ಕಾಗದ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಒದ್ದೆ ಅರಿಶಿನ. ಮುದುಕನ ಅಗಲವಾದ ಹಣೆಗೆ ದುಂಡಗೆ ಕುಂಕುಮ.

ಇಂಥದ್ದೇನಾದರೂ ಆಗಲಿ ಎಂದು ನಾನು ಎಷ್ಟು ಸಲ ಅಂದುಕೊಂಡಿರಲಿಲ್ಲ! ಈಗ ಆಗಿತ್ತು. ನಾನು ಹೂ ಕೆಳಗಿಟ್ಟು, ಅರಿಶಿನ ಒರೆಸಲು ಸೆರಗು ಹಿಡಿದು ಬಗ್ಗಿದೆ.

ಇವರು ಬಂದರು. ನೋಡಿದರು. ದೂರದ್ದು ಸರಿಯಾಗಿ ಕಾಣದ ಅತ್ತೆ ಮಗನ ಮುಖದತ್ತ ತಲೆಯೆತ್ತಿ, "ನಿನ್ ವಿದ್ಯೆ ಅದೇ ಅಲ್ವೇನಪ್ಪಾ, ಅದ್ಕೇ ಅದನ್ನೂ ಇಟ್ಟೆ. ಚೆನ್ನಾಗೈತಾ?" ಎಂದರು.

"ಲಕ್ಷಣವಾಗೈತೆ ಕಣವ್ವ," ಎಂದು ಇವರು ಅಡ್ಡಬಿದ್ದರು. ಎದ್ದವರು ಯಾಕೋ ಬಹಳ ಹೊತ್ತು ಕಣ್ಣು ಒರೆಸಿಕೊಂಡರು. ಸಾಂಬ್ರಾಣಿ ಹೊಗೆ ಎಂದರು. ನನಗೆ ಅತ್ತೆಯ ಮೇಲೂ ಹೊಟ್ಟೆಕಿಚ್ಚಾಯಿತು. ಆ ಕಾಗದವನ್ನು ಒಂದು ಮಾತಿನಲ್ಲಿ ಬಿಟ್ಟುಕೊಡುವಷ್ಟು ಪ್ರೀತಿ ಈ ಮನುಷ್ಯನಲ್ಲಿತ್ತೇ, ಯಾರೂ ನನಗೆ ಹೇಳಿರಲೇ ಇಲ್ಲವಲ್ಲ!

ಪ್ರದರ್ಶನಕ್ಕೆ ಹೋಗದಿದ್ದರೆ ಕಾಗದ ಹಾಳಾಯಿತೆಂದು ಅವ್ವನಿಗೆ ಗೊತ್ತಾಗುತ್ತದೆ, ಹೋದರೆ ಜನ ನಗುತ್ತಾರೆ. ಇವರು ಹೋಗುವುದೆಂದೇ ನಿಶ್ಚಯಿಸಿದರು. "ನೀನೂ ಬಾ," ಎಂದರು. ಬಸ್ಸಿನಲ್ಲಿ ಪೆಟ್ಟಿಗೆ ಅವರ ತೊಡೆಯ ಮೇಲೆ, ಬುತ್ತಿ ನನ್ನ ತೊಡೆಯ ಮೇಲೆ.

ತೀರ್ಪುಗಾರರು ಬಗ್ಗಿ ನೋಡಿ, ತಲೆಯಾಡಿಸಿ, ಕಲೆಯಾಗಿದೆ ಎಂದು ಮುಂದೆ ಹೋದರು. ಬಹುಮಾನ ಯಾರಿಗೋ ಹೋಯಿತು. ಆದರೆ ಶಾಲೆಯ ಮಕ್ಕಳು, ಸಂತೆಗೆ ಬಂದ ಹೆಂಗಸರು, ಅಂಚೆಯ ಪೇದೆಗಳು, ಎಲ್ಲರೂ ಬಂದು ಗುಂಪುಗೂಡಿದ್ದು ಕುಂಕುಮದ ಮುದುಕನ ಮುಂದೆಯೇ. ಒಬ್ಬ ಅಜ್ಜಿ ಕೈಮುಗಿದೂ ಹೋದಳು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಕಾದಿದ್ದರು. "ಏನಂದ್ರಪ್ಪಾ?"

ಇವರಿಗೆ ಸುಳ್ಳು ಬರುವುದಿಲ್ಲ, ನನ್ನ ಕಡೆ ನೋಡಿದರು. ಸುಳ್ಳು ನನಗೂ ಬರುವುದಿಲ್ಲ. ಸದ್ಯ, ದೇವರು ಅದರ ಅಗತ್ಯ ತರಲಿಲ್ಲ. "ಎಲ್ಲಾದುಕ್ಕಿಂತ ಜಾಸ್ತಿ ಜನ ನಿಂತು ನೋಡಿದ್ದು ನಿಮ್ಮ ಮಗಂದೇ ಕಣತ್ತೆ," ಎಂದೆ. ಅತ್ತೆ ಸಮಾಧಾನವಾಗಿ ದೀಪ ಹಚ್ಚಲು ಒಳಗೆ ಹೋದರು.

ನಾನು ಬಟ್ಟೆ ಬದಲಿಸಿ ಕನಕಾಂಬರದ ಬುಟ್ಟಿ ಹಿಡಿದು ಜಗಲಿಗೆ ಬಂದು ಕೂತೆ. ಇವರು ಕೋಣೆಗೆ ಹೋಗಲಿಲ್ಲ. ಬಂದು ಪಕ್ಕದಲ್ಲಿ ಕೂತು, ಬುಟ್ಟಿಯಿಂದ ಎರಡೆರಡೇ ಹೂವನ್ನು ಎಸಳು ನಲುಗದ ಹಾಗೆ ಎತ್ತಿ ನನ್ನ ಬೆರಳ ಹತ್ತಿರ ಹಿಡಿದರು. ನಾನು ಕಟ್ಟುತ್ತಾ ಹೋದೆ, ಅವರು ನೋಡುತ್ತಾ ಕೂತರು.

ಹೂ ಮುಗಿದವು. ಅವರು ಏಳಲಿಲ್ಲ.