ದಿನಕ್ಕೆ ಮೂರು ಮಿಲಿಗ್ರಾಂ

“ಈ ಮನೆಯಲ್ಲಿ ಇನ್ನು ಮುಂದೆ ಒಂದೇ ಒಂದು ಮಿಲಿಗ್ರಾಂ ಕೂಡ ನನ್ನ ಕಣ್ಣು ತಪ್ಪಿಸಿ ಓಡಾಡಕೂಡದು!”

ನಿವೃತ್ತರಾದ ಮರುವಾರವೇ ತಕ್ಕಡಿ ಸಾಹೇಬರು ಊಟದ ಮೇಜು ಕುಟ್ಟಿ ಹೀಗೆ ಘೋಷಿಸಿದರು. ಆಚೆ ಬದಿ ಕೂತಿದ್ದ ಹೆಂಡತಿ ತಲೆ ಎತ್ತದೆ, “ಮೊದಲು ಚೆಲ್ಲಿದ ಕಾಫಿ ಒರೆಸಿ,” ಎಂದರು.

ಸಾಹೇಬರಿಗೆ ಉರಿದುಹೋಯಿತು. ಅವರಿಗೆ ಉರಿಯಲು ಕಾರಣವೇನೂ ಬೇಕಾಗಿರಲಿಲ್ಲ ಅನ್ನಿ. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿ, ಬೀದಿ ಬೀದಿಯ ಅಂಗಡಿಯವರ ಬೆವರಿಳಿಸಿ, ಆ ಹೆಸರು ಗಳಿಸಿದವರು. ಕೋಪ ಸದಾ ಮೂಗಿನ ತುದಿಯಲ್ಲಿ, ಅದರ ಹಿಂದೆಯೇ ಕನ್ನಡಕ! ಈಗ ಅಂಗಡಿಗಳೆಲ್ಲ ಕೈತಪ್ಪಿ ಹೋಗಿದ್ದವು. ಉಳಿದದ್ದು ಕಪಾಟಿನಲ್ಲಿದ್ದ ಏಳು ಹಳೆಯ ಬೆಳ್ಳಿ ನಾಣ್ಯಗಳು, ಮತ್ತು ನಿವೃತ್ತಿಯ ಹಣದಲ್ಲಿ ಕೊಂಡ, ಗಾಜಿನ ಪೆಟ್ಟಿಗೆಯೊಳಗಿನ ಹೊಸ ತಕ್ಕಡಿ. ಪಕ್ಕದಲ್ಲಿ ಉಸಿರು ಬಿಟ್ಟರೂ ಅದರ ಅಂಕಿಗಳು ಕುಣಿಯುತ್ತಿದ್ದವು.

ಏಳೂ ನಾಣ್ಯಗಳ ಮೇಲೆ ಒಬ್ಬನೇ ಗಡ್ಡದ ರಾಜ, ಒಂದೇ ಇಸವಿ. ಆದರೆ ಆ ವರ್ಷ ಯುದ್ಧ ಬಂದು ಬೆಳ್ಳಿ ಸಾಲದೆ ಹೋದಾಗ, ಟಂಕಸಾಲೆಯವರು ಸದ್ದಿಲ್ಲದೆ ಅರ್ಧ ಬೆಳ್ಳಿ ತೆಗೆದು ತಾಮ್ರ ಸೇರಿಸಿಬಿಟ್ಟಿದ್ದರು. ನೋಡಲು ಎರಡೂ ಒಂದೇ. ತೂಗಿದರೆ ಮಾತ್ರ ಗುಟ್ಟು ಬಯಲು. ಅಪ್ಪಟ ಬೆಳ್ಳಿಯದು ಹನ್ನೆರಡು ಗ್ರಾಂ, ಬೆರಕೆಯದು ಅದಕ್ಕಿಂತ ಹಗುರ. ಬೆರಕೆ ನಾಣ್ಯ ಹೊಡೆದದ್ದು ವರ್ಷದ ಕೊನೆಯ ತಿಂಗಳಲ್ಲಿ ಮಾತ್ರವಾದ್ದರಿಂದ ಸಂಗ್ರಾಹಕರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ಸಾಹೇಬರ ಏಳರಲ್ಲಿ ಅಂಥದ್ದು ಒಂದಿತ್ತು. ತೂಕ 11.642 ಗ್ರಾಂ.

ಅದು ಮೊದಲ ದಿನ. ಎರಡನೆಯ ದಿನ 11.639. ಮೂರನೆಯ ದಿನ 11.636!

“ಏನೇ ಇದು! ನನ್ನ ನಾಣ್ಯ ಸೊರಗ್ತಾ ಇದೆ!”

“ವಾಕಿಂಗ್ ಹೋಗ್ತಿದೆಯೇನೋ. ನೀವೂ ಜೊತೆಗೆ ಹೋಗಿ.”

ಸಾಹೇಬರು ಅಷ್ಟಕ್ಕೆಲ್ಲ ಸೋಲುವವರಲ್ಲ. ಶಿಸ್ತನ್ನು ಇನ್ನಷ್ಟು ಬಿಗಿ ಮಾಡಿದರು. ‘ತೂಗುವ ಮುನ್ನ ತೂಕದ ಬಟ್ಟುಗಳನ್ನು ಕಡ್ಡಾಯವಾಗಿ ಶುಚಿಗೊಳಿಸತಕ್ಕದ್ದು’ ಎಂಬುದು ಇಲಾಖೆಯ ನಿಯಮ. ಇಲಾಖೆಯ ಬಟ್ಟಿಗೆ ಅನ್ವಯಿಸುವ ನಿಯಮ ರಾಜನಿಗೆ ಅನ್ವಯಿಸದೆ ಇರುತ್ತದೆಯೆ? ಮೊದಲ ದಿನದಿಂದಲೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಪಾಲಿಶ್ ಪುಡಿ ಉದುರಿಸಿ, ಫ್ಲಾನೆಲ್ ಬಟ್ಟೆಯಿಂದ ಏಳೂ ನಾಣ್ಯಗಳನ್ನು ಫಳಫಳ ಹೊಳೆಯುವಂತೆ ತಿಕ್ಕಿ, ತೊಳೆದು, ಒರೆಸಿ, ಇಕ್ಕಳದಲ್ಲಿ ಹಿಡಿದು ತೂಗುತ್ತಿದ್ದರು. ತೂಕ ನೋಡಿ ಹಲ್ಲು ಕಡಿಯುತ್ತಿದ್ದರು. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಿದ್ದರು. ತೂಕ ಇಳಿದಷ್ಟೂ ಮರುದಿನ ಇನ್ನೂ ಜೋರಾಗಿ ತಿಕ್ಕುತ್ತಿದ್ದರು!

ಮೂರನೆಯ ವಾರದ ಕೊನೆಗೆ ಬೆರಕೆ ನಾಣ್ಯದ ರಾಜನ ಕೆನ್ನೆ ಕೆಂಪಾಯಿತು. ಒಳಗಿನ ತಾಮ್ರ ಇಣುಕುತ್ತಿತ್ತು. ಅದನ್ನು ಕಂಡು ಸಾಹೇಬರ ಕೆನ್ನೆ ಅದಕ್ಕಿಂತ ಕೆಂಪಾಯಿತು.

“ಗೊತ್ತಾಯ್ತು! ಯಾರೋ ಆಸಿಡ್‌ನಲ್ಲಿ ಅದ್ದಿ ಅದ್ದಿ ನನ್ನ ಬೆಳ್ಳಿ ಇಳಿಸ್ತಿದ್ದಾರೆ!”

ಆ ಮನೆಗೆ ಬಂದುಹೋಗುವವರಲ್ಲಿ ಆಸಿಡ್ ಇಟ್ಟುಕೊಂಡವನು ಒಬ್ಬನೇ: ಹೆಂಡತಿಯ ತಮ್ಮ. ಅವನದು ಗಿಲೀಟಿನ ಅಂಗಡಿ. ಚಮಚ, ನಲ್ಲಿ, ಬಾಗಿಲ ಹಿಡಿ, ಏನು ಕೊಟ್ಟರೂ ಬೆಳ್ಳಿಯ ನೀರಿನಲ್ಲಿ ಮುಳುಗಿಸಿ ಹೊಳೆಸಿ ಕೊಡುತ್ತಿದ್ದ. ಪ್ರತಿ ಭಾನುವಾರ ಅಕ್ಕನ ಕೈಯ ಊಟಕ್ಕೆ ಬರುತ್ತಿದ್ದ. ಊಟವಾದ ಮೇಲೆ ಭಾವನಿಗೆ ಖುಷಿಯಾಗಲೆಂದು, “ನಾಣ್ಯ ತೋರಿಸಿ ಭಾವ,” ಎನ್ನುತ್ತಿದ್ದ, ಪಾಪ! ಅವನು ಬರುವುದು ವಾರಕ್ಕೊಮ್ಮೆ, ತೂಕ ಇಳಿಯುವುದು ದಿನಾ. ಇಷ್ಟು ಸಣ್ಣ ವಿಷಯ ಶಾಲೆಗೆ ಹೋಗುವ ಮಗುವಿಗೂ ಹೊಳೆಯುತ್ತದೆ. ಸಿಟ್ಟನ್ನೇ ತಲೆಯಲ್ಲಿ ತುಂಬಿಕೊಂಡವರಿಗೆ ಹೊಳೆಯುವುದಿಲ್ಲ. ಇಂಥವರನ್ನು ಕಂಡರೆ ಎರಡು ಬಿಡಬೇಕು ಅನ್ನಿಸುತ್ತದೆ!

ಆ ಭಾನುವಾರ ಅವನು ಎರಡು ತುತ್ತು ತಿಂದಿದ್ದನೋ ಇಲ್ಲವೋ, ಸಾಹೇಬರು ರಿಜಿಸ್ಟರು ತಂದು ತಟ್ಟೆಯ ಪಕ್ಕ ಬಡಿದರು.

“ಅರವತ್ತಮೂರು ಮಿಲಿಗ್ರಾಂ! ಎಲ್ಲಿ ಬಚ್ಚಿಟ್ಟಿದೀಯ?”

“ಏನು ಭಾವ?”

“ನನ್ನ ಬೆಳ್ಳಿ ಕಣೋ, ಕಳ್ಳ!”

ತಮ್ಮನ ಮುಖ ಬಿಳುಚಿಕೊಂಡಿತು. “ಒಂದು ಚಮಚಕ್ಕೆ ಬೆಳ್ಳಿ ಹಚ್ಚುವಾಗ ನನ್ನ ಅಂಗಡೀಲಿ ಅದಕ್ಕಿಂತ ಜಾಸ್ತಿ ನೆಲಕ್ಕೆ ಚೆಲ್ಲುತ್ತೆ ಭಾವ. ನಿಮ್ಮ ಧೂಳು ಕಟ್ಟಿಕೊಂಡು ನನಗೇನಾಗಬೇಕು?”

“ಧೂಳಾ? ನನ್ನ ಬೆಳ್ಳಿ ಧೂಳಾ?” ಸಾಹೇಬರ ಪಿತ್ತ ನೆತ್ತಿಗೇರಿತು. ಕಿಟಕಿ ತೆರೆದು ಬೀದಿಗೆಲ್ಲ ಕೇಳುವಂತೆ ಕೂಗಿದರು: “ನನ್ನ ಭಾವಮೈದುನ ಕಳ್ಳ!”

ಎದುರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಕೈ ಅಲ್ಲೇ ನಿಂತಿತು. ಭಾವಮೈದುನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ, ಕೈ ತೊಳೆದ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಹೆಂಡತಿ ಆ ತಟ್ಟೆಯನ್ನೇ ನೋಡುತ್ತಾ ನಿಂತರು.

“ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದೀನಿ. ಒಂದು ದಿನವೂ ಅವನನ್ನ ಅರ್ಧ ಹೊಟ್ಟೇಲಿ ಎಬ್ಬಿಸಿದವಳಲ್ಲ. ನೀವು ಎಬ್ಬಿಸಿದ್ರಿ. ಅವನು ಇನ್ನು ಈ ಮನೆಗೆ ಬರಲಿಲ್ಲ ಅಂದ್ರೆ ನಾನೂ ಈ ಮನೇಲಿರಲ್ಲ, ತಿಳ್ಕೊಳಿ.”

“ಸಾಕ್ಷಿ ಇದೆ ಕಣೇ! ನಾಳೆ ನಾಣ್ಯ ಪರೀಕ್ಷಕಿಯಿಂದ ಸರ್ಟಿಫಿಕೇಟ್ ತಂದು ಸೀದಾ ಪೊಲೀಸಿಗೆ ಕೊಡ್ತೀನಿ!”

“ನಾನೂ ಬರ್ತೀನಿ. ನನ್ನ ತಮ್ಮ ಕಳ್ಳ ಅಂತ ಇನ್ಯಾರು ಹೇಳ್ತಾರೋ, ಅವರ ಮುಖ ನೋಡಬೇಕು ನನಗೆ.”

ನಾಣ್ಯ ಪರೀಕ್ಷಕಿಯ ಕೋಣೆ ಚಪ್ಪಲಿ ಅಂಗಡಿಯೊಂದರ ಮೇಲಿತ್ತು. ಆಕೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆರಕೆ ನಾಣ್ಯವನ್ನು ದೀಪದ ಕೆಳಗೆ ಹಿಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

“ಇದನ್ನ ಯಾರು ತಿಕ್ಕಿದ್ದು?”

“ನಾನೇ!” ಸಾಹೇಬರು ಎದೆ ಉಬ್ಬಿಸಿದರು. “ದಿನಾ ಬೆಳಿಗ್ಗೆ ಎಂಟಕ್ಕೆ. ಪಾಲಿಶ್ ಪುಡಿ ಹಾಕಿ, ನಿಯಮದ ಪ್ರಕಾರ!”

“ದಿನಾ?” ಭೂತಗನ್ನಡಿ ಕಳಚಿ ಮೇಜಿನ ಮೇಲೆ ಬಿತ್ತು. “ರೀ, ನಿಮಗೇನು ಬುದ್ಧಿಗಿದ್ಧಿ ಇದೆಯೇನ್ರೀ? ಬೆರಕೆ ನಾಣ್ಯ ಇದು. ಟಂಕಸಾಲೆಯಲ್ಲಿ ಮೇಲಿನ ತಾಮ್ರ ಮಾತ್ರ ತೊಳೆದು ತೆಗೀತಿದ್ರು. ಬೆಳ್ಳಿ ಬರೀ ತೊಗಲಿನ ಹಾಗೆ ಮೇಲೆ ಉಳೀತಿತ್ತು. ಎಂಬತ್ತು ವರ್ಷ ಜೋಪಾನವಾಗಿದ್ದ ತೊಗಲನ್ನ ನೀವು ಮೂರು ವಾರದಲ್ಲಿ ಸುಲಿದಿದೀರಿ! ರಾಜನ ಮೂಗೆಲ್ಲಿ? ಗಡ್ಡ ಎಲ್ಲಿ?”

“ಆದರೆ ಮಿಲಿಗ್ರಾಂ...”

“ಏನು ಮಿಲಿಗ್ರಾಂ? ಹೊಸದಾಗಿ ಹೊಡೆದಾಗಲೇ ಒಂದಕ್ಕೊಂದು ತೂಕ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರ್ತಿತ್ತು. ಅದು ಅವರ ಲೆಕ್ಕದಲ್ಲೇ ಇತ್ತು. ಇನ್ನು ದಿನಾ ಪುಡಿ ಹಾಕಿ ಉಜ್ಜಿದ್ರೆ ತೂಕ ಏರುತ್ತಾ? ಇದನ್ನಿನ್ನು ಕರಗಿಸೋದೇ. ನನ್ನ ಕಣ್ಮುಂದೆ ಇಡಬೇಡಿ, ತಗೊಂಡು ಹೋಗಿ!”

ಸಾಹೇಬರು ಬೈಯಲೆಂದು ಬಾಯಿ ತೆರೆದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಬೈಯಲು ಯಾರೂ ಸಿಗದೆ ಬಾಯಿ ತೆರೆದೇ ಇತ್ತು.

ಹೆಂಡತಿ ದಡದಡ ಮೆಟ್ಟಿಲಿಳಿದು, ಮನೆಯ ದಾರಿ ಬಿಟ್ಟು, ಗಿಲೀಟಿನ ಅಂಗಡಿಯ ದಾರಿ ಹಿಡಿದರು. ಸಾಹೇಬರು ತೆಪ್ಪಗೆ ಹಿಂದೆ ನಡೆದರು.

ಅಂಗಡಿಯಲ್ಲಿ ಒಬ್ಬ ಕುಸ್ತಿ ತರಬೇತುದಾರ ನಿಂತಿದ್ದ. ಬಾಗಿಲಿನಷ್ಟೇ ಅಗಲದ ಆಳು. ಮಾಸಿದ ಬಹುಮಾನದ ಬಟ್ಟಲುಗಳನ್ನು ಪೆಟ್ಟಿಗೆಯಿಂದ ತೆಗೆದಿಡುತ್ತಾ, “ಇವೆಲ್ಲ ಬರೀ ಗಿಲೀಟು. ಅಪ್ಪಟ ಬೆಳ್ಳೀದೊಂದಿತ್ತು, ಹೋದ ವಾರ ಯಾವನೋ ಎತ್ತಿಕೊಂಡು ಹೋದ. ಕೈಗೆ ಸಿಗಲಿ ಅವನು!” ಎಂದು ಗುರುಗುಡುತ್ತಿದ್ದ. ರಬ್ಬರಿನ ಕೈಗವಸು ತೊಟ್ಟಿದ್ದ ಭಾವಮೈದುನ ಅಕ್ಕನನ್ನು ನೋಡಿದ. ಭಾವನನ್ನು ನೋಡಿಯೂ ನೋಡದಂತೆ ಇದ್ದ.

“ತಪ್ಪಾಯ್ತು ಕಣಪ್ಪ,” ಎಂದು ಸಾಹೇಬರು ಗೊಣಗಿದರು.

“ಕೇಳಿಸಲಿಲ್ಲ.”

“ತಪ್ಪಾಯ್ತು ಅಂದೆ.”

“ಕಳ್ಳ ಅಂದಿದ್ದು ಇಡೀ ಬೀದಿಗೆ ಕೇಳಿಸ್ತು. ಇದು ಎದುರಿಗಿರೋ ನನಗೇ ಕೇಳಿಸ್ತಿಲ್ಲ. ಅಷ್ಟೇ ಜೋರಾಗಿ ಹೇಳಿ.”

ಸಾಹೇಬರಿಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಕಡೆ ತಿರುಗಿದರು. ಆ ಕಣ್ಣುಗಳನ್ನು ನೋಡಿದ್ದೇ, ಏರಿದ ಸಿಟ್ಟು ಬಂದ ದಾರಿಯಲ್ಲೇ ಇಳಿಯಿತು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಆಕೆಯಿಲ್ಲದ ಮನೆಯಲ್ಲಿ ಒಂದು ದಿನವೂ ಇರಲಾರರು. ಬಾಗಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ, ಇದ್ದಷ್ಟೂ ದನಿ ಎತ್ತಿ ಕೂಗಿದರು:

“ಕೇಳಿ ಎಲ್ಲರೂ! ಅವನು ಕಳ್ಳ ಅಲ್ಲ! ಬೆಳ್ಳಿ ಹಾರಿಸಿದ್ದು ನಾನೇ! ಕಳ್ಳ ನಾನೇ!”

ಮರುಕ್ಷಣ ಅವರ ಪಾದಗಳು ನೆಲ ಬಿಟ್ಟವು. ತರಬೇತುದಾರ ಕಾಲರ್ ಹಿಡಿದು ಎತ್ತಿದ್ದ.

“ಸಿಕ್ಕಿಬಿದ್ದೆಯಲ್ಲ! ಎಲ್ಲೋ ನಮ್ಮ ಬಟ್ಟಲು?”

“ಅಯ್ಯೋ, ಆ ಬೆಳ್ಳಿ ಅಲ್ಲ ಮಾರಾಯ! ಮಿಲಿಗ್ರಾಂ! ಬರೀ ಮಿಲಿಗ್ರಾಂ! ಬೇಕಾದ್ರೆ ಇವನನ್ನೇ ಕೇಳು!”

ತರಬೇತುದಾರ ಅವರನ್ನು ಕೆಳಗಿಳಿಸದೆಯೇ ಗಲ್ಲಾದ ಕಡೆ ತಿರುಗಿದ. “ಈ ಮನುಷ್ಯ ನಿಮಗೆ ಗೊತ್ತಾ?”

ಭಾವಮೈದುನ ಕೈಗವಸನ್ನು ಒಂದೊಂದೇ ಬೆರಳಾಗಿ ಬಿಡಿಸುತ್ತಾ ಅಕ್ಕನ ಮುಖ ನೋಡಿದ. ಅಕ್ಕ ಸ್ಟೂಲು ಎಳೆದುಕೊಂಡು ಆರಾಮವಾಗಿ ಕೂತರು.

“ಅವಸರ ಏನಿಲ್ಲ ಕಣೋ,” ಎಂದರು. “ಯೋಚನೆ ಮಾಡಿ ಹೇಳು.”