ಗೋಡೆಯ ಮೇಲಿನ ಕಪ್ಪು ಕೈ

ಪರಮಾನಂದನ ಬೈಕಿನ ಗ್ರಿಪ್ಪುಗಳು ಕರಗುತ್ತಿದ್ದವು. ಬೇರೆಯವರ ಬೈಕಿನ ರಬ್ಬರು ವಯಸ್ಸಾದಂತೆ ಗಟ್ಟಿಯಾಗಿ ಬಿರಿಯುತ್ತದೆ. ಇವನದು ಹೆಬ್ಬಗೋಡಿಯ ಬಿಸಿಲಿಗೆ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿ, ಹಿಡಿದ ಕೈಯನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ. ಬಿಟ್ಟರೂ ಅಂಗೈ ತುಂಬ ಕಾಡಿಗೆ ಬಳಿದೇ ಕಳಿಸುತ್ತಿತ್ತು. ಅವನಿಗೆ ಜಿಗಣಿಯ ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಒಳಗೆ ಹೋಗುವ ಮೊದಲು ಸೋಪು ಹಚ್ಚಿ ಕೈ ತೊಳೆದು ಗ್ಲೌಸು ತೊಡಬೇಕು. ದಿನವಿಡೀ ಗ್ಲೌಸಿನೊಳಗೆ ಬೆಚ್ಚಗಿದ್ದ ಆ ಕೈ ಸಂಜೆ ಹೊರಬಂದಾಗ ಬಾಣಂತಿ ಕೋಣೆಯ ಕೂಸಿನ ಹಾಗೆ ಬೆಳ್ಳಗೆ, ಮೆತ್ತಗೆ ಇರುತ್ತಿತ್ತು. ಬೈಕು ಹತ್ತಿ ಮನೆ ಸೇರುವಷ್ಟರಲ್ಲಿ ಅದೇ ಕೈ ಇದ್ದಿಲು ಮಾರುವವನದಾಗುತ್ತಿತ್ತು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಹಿಂದಿನ ಭಾನುವಾರ ಅವನು ಬೊಮ್ಮಸಂದ್ರಕ್ಕೆ ಹೆಣ್ಣು ನೋಡಲು ಹೋಗುವವರೆಗೆ. ಹುಡುಗಿ ಮಹಾನಂದಾ, ಬಾದಾಮಿ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕೆಲಸ, ಸೋದರತ್ತೆ ಬಸಕ್ಕನ ಬಾಡಿಗೆ ಮನೆಯಲ್ಲಿ ವಾಸ. ಪರಮಾನಂದ ಚಪ್ಪಲಿ ಬಿಡುವಾಗ ಆಯ ತಪ್ಪಿ ಬಾಗಿಲ ಪಕ್ಕದ ಗೋಡೆಗೆ ಕೈ ಊರಿದ. ಹೊಸದಾಗಿ ಸುಣ್ಣ ಕಂಡಿದ್ದ ಗೋಡೆ. ಕೈ ತೆಗೆದಾಗ ಐದು ಬೆರಳೂ ಅಂಗೈಯೂ ರೇಖೆ ಸಮೇತ ಅಲ್ಲೇ ಉಳಿದುಕೊಂಡಿದ್ದವು, ಭವಿಷ್ಯ ಹೇಳುವವನ ಬೋರ್ಡಿನ ಹಾಗೆ. ಬಸಕ್ಕ ನೋಡಿದಳು. ಮಹಾನಂದಾ ನೋಡಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ಪರಮಾನಂದ ಉಳಿದಷ್ಟು ಹೊತ್ತೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಹುಗಿದುಕೊಂಡು ಕುಳಿತಿದ್ದ. ಚಹಾ ತಣ್ಣಗಾದರೂ ಮುಟ್ಟಲಿಲ್ಲ. ಹೊರಡುವಾಗ ಬಸಕ್ಕ, ಮುಂದಿನ ಐತಾರ ಊರಿಂದ ಅಣ್ಣ ಬರುತ್ತಾನೆ, ಹುಡುಗಿಯ ಅಪ್ಪ, ಅವನ ಮಾತೇ ಕಡೆಯ ಮಾತು ಎಂದು ಹೇಳಿ ಕಳಿಸಿದಳು.

ವಾರವಿಡೀ ಮಾತ್ರೆ ಪಟ್ಟಿಗಳು ಕಣ್ಣೆದುರು ಸಾಗುತ್ತಿದ್ದರೆ ಅವನಿಗೆ ಕಾಣುತ್ತಿದ್ದುದು ಆ ನಗು ಮಾತ್ರ. ಆ ಹುಡುಗಿಯನ್ನು ಬಿಟ್ಟರೆ ಬೇರೆ ಯಾರೂ ಬೇಡ ಎಂದು ಅವನು ಬುಧವಾರದ ಹೊತ್ತಿಗೆ ತೀರ್ಮಾನಿಸಿದ್ದ. ಕೆಡಿಸಿದ್ದು ಗ್ರಿಪ್ಪು, ಸರಿಪಡಿಸಬೇಕಾದದ್ದೂ ಗ್ರಿಪ್ಪೇ.

ಹಾಗಾಗಿ ಈ ಭಾನುವಾರ ಬೆಳಿಗ್ಗೆ, ಹೊಸೂರು ರಸ್ತೆಯ ಅಂಗಡಿಯಿಂದ ತಂದ ಹೊಸ ಜೊತೆಯನ್ನು ಪಕ್ಕಕ್ಕಿಟ್ಟುಕೊಂಡು, ಅವನು ವಠಾರದ ಅಂಗಳದಲ್ಲಿ ಚಾಕು ಹಿಡಿದು ಬೈಕಿನ ಮುಂದೆ ಕುಳಿತ. ಹಳೆಯದನ್ನು ಸೀಳಿ ತೆಗೆಯುವುದು ಅವನ ಯೋಚನೆ.

"ಏ, ಕೊಯ್ಯಬ್ಯಾಡಲೇ," ಎಂದು ಹಣಮಂತ ಒಳಗಿಂದ ಲುಂಗಿಯಲ್ಲೇ ಓಡಿ ಬಂದ. ಹಣಮಂತ ಅವನ ರೂಮಿನ ಜೊತೆಗಾರ. ಒಂದು ವರ್ಷದಲ್ಲಿ ನಾಲ್ಕು ಕಾರ್ಖಾನೆ ಬಿಟ್ಟು, ಈಗ ಐದನೆಯದಕ್ಕಾಗಿ ಮಲಗಿಕೊಂಡು ಕಾಯುತ್ತಿದ್ದ. ಅವನ ಬೈಕಿಗೆ ಗ್ರಿಪ್ಪೇ ಇರಲಿಲ್ಲ; ಬರೀ ಕಬ್ಬಿಣಕ್ಕೆ ಹಳೆಯ ಬನಿಯನ್ನು ಸುತ್ತಿದ್ದ. "ನನಗ ಕೊಡು. ಬನಿಯನ್ನಿಗಿಂತ ಇದಾ ಪಾಡ."

ಕೈಯೆಲ್ಲ ಕಪ್ಪಾಗುತ್ತದೆ ಎಂದು ಪರಮಾನಂದ ಎಚ್ಚರಿಸಿದ.

"ಆದ್ರ ಆಗ್ಲಿ ಬಿಡು. ನನ್ನ ಕೈ ನೋಡಾವ್ರು ಯಾರದಾರ?"

ಸೋಪಿನ ನೀರು ಬಿಟ್ಟು, ತಿರುವಿ, ಬೈದು, ಇಬ್ಬರೂ ಸೇರಿ ಹಳೆಯ ಗ್ರಿಪ್ಪುಗಳನ್ನು ಇಡಿಯಾಗಿ ಕಿತ್ತರು. ಹಣಮಂತ ಅವನ್ನು ತನ್ನ ಬೈಕಿಗೆ ಏರಿಸಿ, ಹೊಸ ಬಳೆ ತೊಟ್ಟವಳ ಹಾಗೆ ಹಿಂದೆ ಸರಿದು ನಿಂತು ನೋಡಿಕೊಂಡ. ಕೆಲಸ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಷ್ಟರಲ್ಲಿ ಮನೆ ಓನರ್ ಲಕ್ಷ್ಮಯ್ಯ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಅಂಗಳಕ್ಕೆ ಬಂದ.

ಲಕ್ಷ್ಮಯ್ಯ ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವನು. ಈಗ ಅಲ್ಲಿ ರೂಮುಗಳು ಬೆಳೆದು ನಿಂತಿದ್ದವು. ರಾಗಿಗೆ ಬೇಕಿದ್ದ ಉಸ್ತುವಾರಿಯನ್ನೆಲ್ಲ ಅವನು ಬಾಡಿಗೆದಾರರಿಗೆ ಧಾರೆ ಎರೆಯುತ್ತಿದ್ದ. ಹೊಸ ಗ್ರಿಪ್ಪುಗಳಲ್ಲಿ ಒಂದರ ತೂತು ದೊಡ್ಡದು, ಇನ್ನೊಂದರದು ಚಿಕ್ಕದು. ಎಕ್ಸಲೇಟರ್ ಕಡೆ ಹ್ಯಾಂಡಲಿನ ಮೇಲೊಂದು ತಿರುಗುವ ಕೊಳವೆ ಇರುವುದರಿಂದ ದೊಡ್ಡದು ಅಲ್ಲಿಗೇ ಹೋಗಬೇಕು. ಲಕ್ಷ್ಮಯ್ಯನಿಗೆ ಮಾತ್ರ ಇದರಲ್ಲಿ ಅಂಗಡಿಯವನ ಮೋಸ ಕಂಡಿತು.

"ದೊಡ್ಡದು ಎಡಗಡೆಗೆ ಆಕಪ್ಪ," ಎಂದ. "ನೊಗಕ್ಕೆ ಎತ್ತು ಕಟ್ಟೋವಾಗ ದೊಡ್ಡ ಎತ್ತು ಎಡಕ್ಕೇ. ಅಂಗೇ ಇದೂನೂವೆ. ನಾನು ಏಳ್ತೀನಿ ಕೇಳು."

ಬಾಡಿಗೆ ಮನೆಯಲ್ಲಿದ್ದು ಓನರ್ ಮಾತು ಕೇಳದಿದ್ದರೆ ಮರುದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಪರಮಾನಂದ ಕೇಳಿದ. ಎಡಗಡೆಯದು ದೊಡ್ಡಣ್ಣನ ಚಡ್ಡಿ ತೊಟ್ಟ ತಮ್ಮನ ಹಾಗೆ ಜೋಲಾಡಿತು. ಬಲಗಡೆಯದು ಹೋಗಲೇ ಇಲ್ಲ. ಲಕ್ಷ್ಮಯ್ಯ ಕೊಬ್ಬರಿ ಎಣ್ಣೆ ತರಿಸಿದ. ಎಣ್ಣೆ ಬಿದ್ದ ಮೇಲೆ ಹೋಯಿತು. ಹೋದಷ್ಟೇ ಸುಲಭವಾಗಿ ತಿರುಗಿತು ಕೂಡ. ಪರಮಾನಂದ ಎಷ್ಟು ತಿರುವಿದರೂ ಎಕ್ಸಲೇಟರ್ ಮಾತ್ರ ಅಲ್ಲಾಡಲಿಲ್ಲ. ಬೇರೆ ರೂಮುಗಳವರೂ ಹಲ್ಲುಜ್ಜುತ್ತ ಬಂದು ಸುತ್ತ ನಿಂತರು. ಒಬ್ಬ ದಾರ ಸುತ್ತು ಎಂದ, ಇನ್ನೊಬ್ಬ ಬಿಸಿನೀರು ಎಂದ, ಮೂರನೆಯವನು ಬಸ್ಸಿಗೆ ಹೋಗು ಎಂದ. ಅವರಲ್ಲೆಲ್ಲ ಬುದ್ಧಿವಂತ ಮೂರನೆಯವನೇ ಎಂದು ಪರಮಾನಂದನಿಗೆ ಆಮೇಲೆ ಅನ್ನಿಸಿತು.

ಲಕ್ಷ್ಮಯ್ಯ ಒಳಗೆ ಹೋಗಿ, ನೀರಿನ ಪೈಪು ಅಂಟಿಸುವ ಗಮ್ಮಿನ ಡಬ್ಬಿ ಹಿಡಿದುಕೊಂಡು ಬಂದ. ವಠಾರದ ಅಷ್ಟೂ ನಲ್ಲಿಗಳು ನಿಂತಿದ್ದು ಅದರ ಮೇಲೆಯೇ. ಬೇಡ ಎನ್ನುವುದರೊಳಗೆ ಡಬ್ಬಿ ಬಗ್ಗಿತ್ತು. ಗಮ್ಮು ಗ್ರಿಪ್ಪಿನೊಳಗೆ ಇಳಿಯಿತು, ಅಲ್ಲಿಂದ ಕೊಳವೆಯೊಳಗೆ, ಅಲ್ಲಿಂದ ಹ್ಯಾಂಡಲಿಗೆ. ಪರಮಾನಂದ ಅದೇ ಹೊತ್ತಿಗೆ ಕೊಳವೆಯ ಬುಡವನ್ನೇ ಹಿಡಿದು ಎಕ್ಸಲೇಟರನ್ನು ಅರ್ಧ ತಿರುವಿದ್ದ. ಕೈ ಬಿಟ್ಟ. ಅದು ಬಿಡಲಿಲ್ಲ. ಕಿಕ್ ಹೊಡೆದಾಗ ಬೈಕು ಕೊಂಬು ಸಿಕ್ಕಿಕೊಂಡ ಕೋಣದ ಹಾಗೆ ಕೂಗತೊಡಗಿತು. ಹಲ್ಲುಜ್ಜುತ್ತಿದ್ದವರು ಬ್ರಶ್ಶು ಬಾಯಲ್ಲೇ ಬಿಟ್ಟು ಹಿಂದೆ ಸರಿದರು. ಕೀ ತಿರುಗಿಸಿ ಆರಿಸಬೇಕಾಯಿತು.

"ಒಣಗ್ಲಿ, ಸರಿ ಓಯ್ತದೆ," ಎಂದ ಲಕ್ಷ್ಮಯ್ಯ ನಿಶ್ಚಿಂತೆಯಿಂದ. "ನೀನು ಓಗ್ಬಾ. ನಾನು ನೋಡ್ಕೊತೀನಿ."

ಹೊತ್ತು ಮೀರುತ್ತಿತ್ತು. ಪರಮಾನಂದ ಸೀಮೆಎಣ್ಣೆ, ಬಟ್ಟೆ ಸೋಪಿನ ಪುಡಿ, ಕೊನೆಗೆ ನಿಂಬೆಹಣ್ಣು ಹಾಕಿ ಅಂಗೈಗಳನ್ನು ತಿಕ್ಕಿ ತೊಳೆದ. ಎರಡೂ ಸುಲಿದ ಮೂಲಂಗಿಯಂತಾದವು. ಇಸ್ತ್ರಿ ಅಂಗಿ ತೊಟ್ಟು, ಕೈಗಳನ್ನು ಎಲ್ಲಿಗೂ ತಗುಲಿಸದೆ ಹಣಮಂತನ ಬೈಕಿನ ಹಿಂದೆ ಕುಳಿತ. ಬೈಕು ಕೆಟ್ಟಿದ್ದರೂ ಅವನ ಉತ್ಸಾಹ ಕೆಟ್ಟಿರಲಿಲ್ಲ. ಹೆಣ್ಣು ಕೊಡುವವರು ನೋಡುವುದು ಬೈಕನ್ನಲ್ಲವಲ್ಲ.

ಬಸಕ್ಕನ ಬಾಗಿಲಲ್ಲಿ ಸೋಮಪ್ಪ ನಿಂತಿದ್ದ. ಹುಡುಗಿಯ ಅಪ್ಪ, ಕಲ್ಲುಕ್ವಾರಿಯಲ್ಲಿ ಬಂಡೆ ಒಡೆದು ಬೆಳೆದ ಆಳು. ಅವನ ಅಂಗೈ ನೋಡಿದರೆ ಬಂಡೆಯೇ ಹೆದರಬೇಕು. ಪರಮಾನಂದನ ಕಣ್ಣು ಗೋಡೆಯ ಕಡೆಗೆ ಹೋಯಿತು. ಕಪ್ಪು ಕೈ ಅಲ್ಲೇ ಇತ್ತು. ಅದರ ಮೇಲೆ ಯಾರೋ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದರು.

"ಇದು ನಿಂದೇನಪಾ ಕೈ?" ಎಂದು ಸೋಮಪ್ಪ ಕೇಳಿದ.

ಪರಮಾನಂದ ಈ ಪ್ರಶ್ನೆಗೆ ವಾರದಿಂದ ತಯಾರಾಗಿದ್ದ. ತಪ್ಪಾಯಿತೆಂದು ಹೇಳಿ, ಇವತ್ತು ನೋಡಿ ಎಂದು ಎರಡೂ ಅಂಗೈಗಳನ್ನು ಚಾಚಿದ. ನಿಂಬೆಯ ವಾಸನೆ ಮೆಲ್ಲಗೆ ಹರಡಿತು. ಸೋಮಪ್ಪ ಒಂದು ಅಂಗೈಯನ್ನು ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಮಾವಿನಹಣ್ಣು ನೋಡುವವನ ಹಾಗೆ ನೋಡಿದ. ಅವನ ಮುಖ ನಿಧಾನಕ್ಕೆ ಇಳಿಯಿತು.

"ಹಿರೀ ಮಗಳನ್ನ ಕೊಳ್ಳಾಗ ಟ್ಯಾಗ್ ಹಾಕ್ಕೊಂಡಾಂವಗ ಕೊಟ್ಟೆ," ಎಂದ. "ಅವನ ಕೈನೂ ಹಿಂಗ ಬೆಣ್ಣಿ ಇತ್ತು. ಲಗ್ನ ಆದಮ್ಯಾಲ ಗೊತ್ತಾತು, ಟ್ಯಾಗ್ ಐತಿ, ಕಂಪನೀನ ಇಲ್ಲ. ಅವತ್ತಿಂದ ನಾ ಅಂಗೈ ನೋಡ್ತೀನಿ. ಈ ಗ್ವಾಡಿ ನೋಡಿ, ದುಡಿಯೋ ಗಂಡಸು ಸಿಕ್ಕ ಅಂತ ನಾನಾ ಕುಂಕುಮ ಹಚ್ಚೀನಿ."

ತನ್ನ ಕೆಲಸ ಕಾಯಂ, ಅಲ್ಲಿ ಗ್ಲೌಸು ಹಾಕುವುದು ಕಡ್ಡಾಯ ಎಂದು ಪರಮಾನಂದ ವಿವರಿಸತೊಡಗಿದ. ಗ್ಲೌಸು ಹಾಕಿಕೊಂಡು ಮಾಡುವುದೂ ಒಂದು ಕೆಲಸವಾ ಎನ್ನುವ ಹಾಗೆ ಸೋಮಪ್ಪ ಬಸಕ್ಕನ ಕಡೆ ನೋಡಿದ.

ಬೈಕು ನಿಲ್ಲಿಸಿ ಹಣಮಂತ ಬಾಗಿಲಿಗೆ ಬಂದದ್ದು ಆಗಲೇ. ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದ; ಆಯಕ್ಕೆ ಗೋಡೆಗೆ ಕೈ ಊರಿದ; ತೆಗೆದ. ಮೊದಲನೆಯದರ ಪಕ್ಕ ಎರಡನೆಯ ಕೈ ಮೂಡಿತು. ಇದು ಇನ್ನೂ ದೊಡ್ಡದು, ಇನ್ನೂ ಕಪ್ಪು, ಹಸಿಹಸಿಯಾಗಿ ಹೊಳೆಯುತ್ತಿತ್ತು.

ಸೋಮಪ್ಪ ಗೋಡೆ ನೋಡಿದ. ಹಣಮಂತನನ್ನು ನೋಡಿದ. ಅವನ ಕೈ ಹಿಡಿದು ತಿರುವಿ ನೋಡಿದ. "ಏನು ಕೆಲಸ ಮಾಡ್ತೀಪಾ?"

"ಕೈಗೆ ಬಂದದ್ದು ಮಾಡ್ತೀನ್ರಿ," ಎಂದ ಹಣಮಂತ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೈಗೆ ಏನೂ ಬಂದಿರಲಿಲ್ಲ, ಅಷ್ಟೇ.

"ಲಗ್ನ ಆಗೇದೇನು?"

ಪರಮಾನಂದ ತಡೆಯಲಾರದೆ ನಡುವೆ ಬಾಯಿ ಹಾಕಿದ. "ಯಜಮಾನ್ರ, ಅದು ಕೆಲಸದ ಕಪ್ಪಲ್ರಿ. ಬೈಕಿನ ಗ್ರಿಪ್ಪಿಂದು."

ಸೋಮಪ್ಪ ಅವನತ್ತ ತಿರುಗಿದ. "ಹಂಗಾದ್ರ ನಿಂದು? ಗ್ವಾಡಿ ಮ್ಯಾಲಿಂದು?"

ಹೌದು ಎಂದರೆ ಕುಂಕುಮ ಹಚ್ಚಿಸಿಕೊಂಡ ಮೋಸಗಾರ. ಅಲ್ಲ, ಕೆಲಸದ್ದು ಎಂದರೆ ಹಣಮಂತನದೂ ಕೆಲಸದ್ದೇ, ಅವನೇ ಅಳಿಯ. ಚಹಾದ ತಟ್ಟೆ ಹಿಡಿದು ನಿಂತಿದ್ದ ಮಹಾನಂದಾ ಎರಡು ಕೈಗಳನ್ನೂ ನೋಡಿ ಅಪ್ಪನಿಗೆ, "ಎರಡೂ ಒಂದಾ ಬಣ್ಣ ಅದಾವಲ್ಲಪ್ಪಾ," ಎಂದಳು. ಆಮೇಲೆ ದುಪಟ್ಟಾ ಬಾಯಿಗೆ ಒತ್ತಿಕೊಂಡು, ಹೋದ ವಾರದ ಅದೇ ನಗು ನಕ್ಕಳು. ನಕ್ಕದ್ದು ಹಣಮಂತನನ್ನು ನೋಡಿ.

ಹಿಂತಿರುಗುವಾಗಲೂ ಬೈಕು ಓಡಿಸಿದ್ದು ಹಣಮಂತನೇ. ಬಸಕ್ಕ ಅವನಿಗೆಂದೇ ಕಟ್ಟಿಕೊಟ್ಟಿದ್ದ ಕರದಂಟು ಹ್ಯಾಂಡಲಿಗೆ ತೂಗುತ್ತಿತ್ತು. ಆ ಗ್ರಿಪ್ಪುಗಳನ್ನು ವಾಪಸ್ ಕೊಡುತ್ತೀಯಾ ಎಂದು ಪರಮಾನಂದ ಹಿಂದಿನಿಂದ ಮೆಲ್ಲಗೆ ಕೇಳಿದ.

"ಕೊಟ್ಟದ್ದು ಕೊಟ್ಟಾಂಗಪಾ ದೋಸ್ತ," ಎಂದ ಹಣಮಂತ. "ಮ್ಯಾಲಾಗಿ, ಕಿತ್ತರ ಕೈ ಕಪ್ಪಾಗೂದಿಲ್ಲಲ್ಲ."

ವಠಾರದಲ್ಲಿ ಲಕ್ಷ್ಮಯ್ಯ ಅದೇ ಕುರ್ಚಿಯಲ್ಲಿ ಕಾಯುತ್ತಿದ್ದ. ಎಕ್ಸಲೇಟರ್ ಅರ್ಧ ತಿರುಗಿದಲ್ಲೇ ಕಲ್ಲಾಗಿತ್ತು; ಹೊಸ ಗ್ರಿಪ್ಪು ಮಾತ್ರ ಹ್ಯಾಂಡಲಿನ ಮೇಲೆ ಮಿರಮಿರ ಮಿಂಚುತ್ತಿತ್ತು. ಅವನು ಎದ್ದು ಬಂದು ಅದನ್ನು ಎರಡೂ ಕೈಯಿಂದ ಜಗ್ಗಿ ತೋರಿಸಿ, ಪರಮಾನಂದನ ಬೆನ್ನು ತಟ್ಟಿದ.

"ಎಂಗೆ? ನಾನು ಜೋಡಿ ಮಾಡಿದ್ದು ಕಣಪ್ಪ ಇದು. ಏಳೇಳು ಜನ್ಮಕ್ಕೂ ಕೈ ಬಿಡಾಕಿಲ್ಲ."