ಬಿಷಪ್ಪನ ಮೂವತ್ತೊಂದು ಲಾಳ

ಕಿಲ್ಮೊರೀನ್ ಊರಿನ ಫಾದರ್ ಕೊಲಂ ಭಾನುವಾರದ ಪೂಜೆ ಮುಗಿಸಿ ಹೇಳಿದ ಒಂದು ಮಾತೇ ಎಲ್ಲಕ್ಕೂ ಕಾರಣವಾಯಿತು.

"ಬಿಷಪ್ಪನ ಲಾಳ ಯಾರ ಹತ್ರ ಇದ್ರೂ ಶನಿವಾರ ಚರ್ಚಿನ ಹಾಲ್‌ಗೆ ತನ್ನಿ. ಗಾಜಿನ ಪೆಟ್ಟಿಗೇಲಿ ಇಡೋಣ. ಕೊಟ್ಟೋರ ಹೆಸರು ಹಿತ್ತಾಳೆ ತಗಡಿನ ಮೇಲೆ ಕೆತ್ತಿಸೋಣ."

ಬಿಷಪ್ ಎಂದರೆ ಇಲ್ಲಿ ಧರ್ಮಗುರುವಲ್ಲ, ಕುದುರೆ. ಪೂರ್ತಿ ಹೆಸರು ಬಿಷಪ್ಸ್ ಅಂಬ್ರೆಲಾ. ಬೇಲಿ ಹಾರುವ ಓಟದಲ್ಲಿ ಅಂಥ ಕುದುರೆ ಐರ್ಲೆಂಡಿನಲ್ಲಿ ಮತ್ತೆ ಹುಟ್ಟಲಿಲ್ಲವೆಂದು ಊರಿನ ನಂಬಿಕೆ. ಪಕ್ಕದ ಊರಿನವರ ನಂಬಿಕೆ ಬೇರೆ. ಹಾಗಾಗಿ ಅವರೊಡನೆ ಹೆಚ್ಚು ಮಾತಿಲ್ಲ.

ಆ ಕುದುರೆಯನ್ನು ಆರು ವರ್ಷ ಉಜ್ಜಿ, ತೊಳೆದು, ಹೊಟ್ಟೆನೋವು ಬಂದಾಗ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿದವನು ಫೆಸ್ಟಸ್ ಕಡಿಹಿ. ಆದರೆ ಹೆಂಡದಂಗಡಿಯಲ್ಲಿ ಹಳೆಯ ಮಾತು ಬಂದರೆ ಅದೆಲ್ಲ ಜಾಕಿ ಡಿನ್ನಿ ಶಾರ್ಟಲ್‌ನದು, ಟ್ರೇನರ್ ಲೆಡ್ವಿಜ್‌ನದು. ಫೆಸ್ಟಸ್‌ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಪೇಪರಿನ ಫೋಟೋದಲ್ಲೂ ಕುದುರೆಯ ಕತ್ತಿನ ಹಿಂದೆ ಅವನ ಮುಖ ಮರೆಯಾಗಿ, ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬಿಷಪ್ಪನಿಗೆ ಆರು ಕಾಲು ಎಂದು ಊರಿನ ಮಕ್ಕಳು ಎಣಿಸುತ್ತಿದ್ದರು.

ಆ ಕುದುರೆಯ ಪಕ್ಕದಲ್ಲಿ ತನ್ನ ಹೆಸರೂ ಒಮ್ಮೆ ಇರಬೇಕು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಫೆಸ್ಟಸ್‌ಗೆ ಇದ್ದ ಆಸೆ ಅಷ್ಟೇ. ಲಾಳ ಅವನ ಮನೆಯಲ್ಲೇ ಇತ್ತು.

"ಮೂವತ್ತು ವರ್ಷದಿಂದ ಬೆಂಕಿಗೂಡಿನ ಮೇಲೆ ಸುಮ್ನೆ ಕೂತಿದೆ," ಎಂದಳು ಹೆಂಡತಿ ಅಸಂಪ್ಟಾ. "ಊಟ ಕೇಳಲ್ಲ, ಬಟ್ಟೆ ಕೇಳಲ್ಲ. ಅದನ್ಯಾಕೆ ಬೀದಿಗೆ ಎಳೀತೀಯ?"

"ಹಿತ್ತಾಳೆ ತಗಡು, ಅಸಂಪ್ಟಾ!"

"ನಿನ್ನ ಹೆಸರು ಹಿತ್ತಾಳೇಲೇ ನೋಡ್ಬೇಕಾ? ಗೇಟಿಗೆ ಒಂದು ಹಾಕಿಸ್ಕೊಡ್ತೀನಿ, ಮನೇಲಿರು."

ಫೆಸ್ಟಸ್ ಲಾಳವನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಹಾಲ್‌ನಲ್ಲಿ ಅವನಿಗಿಂತ ಮೊದಲೇ ಊರು ಬಂದಿತ್ತು. ಉದ್ದನೆಯ ಮೇಜಿನ ಮೇಲೆ ಲಾಳಗಳು ಸಂತೆಯ ಬದನೆಕಾಯಿಯಂತೆ ಸಾಲಾಗಿ ಬಿದ್ದಿದ್ದವು. ಫೆಸ್ಟಸ್‌ನದು ಸೇರಿ ಮೂವತ್ತೊಂದು.

ಫಾದರ್ ಕೊಲಂ ಕನ್ನಡಕ ಒರೆಸಿಕೊಂಡರು. "ನಾನು ಈ ಊರಿಗೆ ಹೊಸಬ. ಆದ್ರೂ ಕೇಳ್ತೀನಿ. ಬಿಷಪ್‌ಗೆ ನಾಲ್ಕೇ ಕಾಲು ಅಲ್ವಾ?"

"ನಾಲ್ಕೇ, ಫಾದರ್. ಅದ್ರಲ್ಲಿ ಎರಡು ನನ್ನವು," ಎಂದಳು ಅಂಚೆ ಕಚೇರಿಯ ಡೆಲಿಯಾ, ಎರಡು ಲಾಳ ಮುಂದೆ ತಳ್ಳುತ್ತ. "ಲೆಡ್ವಿಜ್ ಅವರು ತಮ್ಮ ಕೈಯಾರೆ ಕೊಟ್ಟಿದ್ದು. ಆಗ ನಾನು ನೋಡೋಕೆ ಚೆನ್ನಾಗಿದ್ದೆ."

"ನನಗೂ ಕೈಯಾರೆ ಕೊಟ್ಟಿದ್ದು," ಎಂದ ಹೆಂಡದಂಗಡಿಯ ಬಾರ್ನಿ. "ನಾನು ಯಾವತ್ತೂ ಚೆನ್ನಾಗಿರ್ಲಿಲ್ಲ."

ಬಾರ್ನಿಯ ಲಾಳ ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ಕ್ರಿಸ್ಮಸ್ಸಿನ ಟರ್ಕಿ ಕೋಳಿಯನ್ನು ಕೂರಿಸಬಹುದಿತ್ತು.

ಜಗಳವಾಗಬೇಕಿತ್ತು, ಆದರೆ ಯಾರೋ ಚಹಾ ತಂದರು. ಚಹಾದ ಜೊತೆ ಹಳೆಯ ದಿನಗಳೂ ಬಂದವು. ಡಿನ್ನಿ ಶಾರ್ಟಲ್ ಹೆಗಲಿನ ಮೂಳೆ ಮುರಿದಿದ್ದರೂ ಹೆಂಡತಿಯ ಕಾಲುಚೀಲದಿಂದ ಕೈ ಬಿಗಿದು ಕಟ್ಟಿಕೊಂಡು ಮೂರು ಮೈಲಿ ಓಡಿಸಿ ಗೆದ್ದದ್ದನ್ನು ಒಬ್ಬರು ಹೇಳಿದರು. ಲೆಡ್ವಿಜ್ ಕುದುರೆಗಳನ್ನು 'ಸರ್' ಎಂದೂ ಮನುಷ್ಯರನ್ನು ಶಿಳ್ಳೆ ಹೊಡೆದೂ ಕರೆಯುತ್ತಿದ್ದದ್ದನ್ನು ಇನ್ನೊಬ್ಬರು ನೆನೆದರು. ಎಲ್ಲರ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಲಾಳದ ವಿಷಯದಲ್ಲಿ ಮಾತ್ರ ಯಾರೂ ಒಂದು ಮೊಳೆಯಷ್ಟೂ ಸೋಲಲಿಲ್ಲ.

"ಕ್ರಿಸ್ಟಿ ಮೆಸ್ಕಲ್‌ನ ಕರೀರಿ," ಎಂದುಬಿಟ್ಟ ಫೆಸ್ಟಸ್. "ಲಾಳ ಹೊಡೆದ ಮನುಷ್ಯ ಇನ್ನೂ ಬದುಕಿದ್ದಾರಲ್ಲ. ಅವರೇ ಹೇಳ್ಲಿ."

ಆ ಹೆಸರಿಗೆ ಚಹಾದ ಕಪ್ಪುಗಳು ಕೆಳಗಿಳಿದವು. ಮೂವತ್ತು ವರ್ಷದ ಹಿಂದೆ ಬಿಷಪ್ಪನ ಕೊನೆಯ ಓಟದಲ್ಲಿ, ಕೊನೆಯ ಬೇಲಿ ದಾಟಿ ಇಳಿಯುವಾಗ, ಎಡ ಮುಂಗಾಲು ಕೆಸರಿನಲ್ಲಿ ಜಾರಿ ಒಂದು ಮೂಗಿನ ಅಂತರದಲ್ಲಿ ಸೋಲಾಗಿತ್ತು. ಗೆದ್ದದ್ದು ಪಕ್ಕದ ಊರಿನ ಕುದುರೆ. ಆಮೇಲೆ ನೋಡಿದರೆ ಆ ಕಾಲಿನಲ್ಲಿ ಲಾಳವೇ ಇರಲಿಲ್ಲ. ಕ್ರಿಸ್ಟಿ ಹೊಡೆದ ಮೊಳೆ ಸಡಿಲವಾಗಿತ್ತೆಂದು ಊರು ತೀರ್ಮಾನಿಸಿತು. ಲೆಡ್ವಿಜ್ ಬೇರೆಯವನಿಗೆ ಕೆಲಸ ಕೊಟ್ಟ. ಅಂದಿನಿಂದ ಕ್ರಿಸ್ಟಿ ಈ ಊರಿನವರ ಮುಖ ನೋಡಿರಲಿಲ್ಲ.

"ನೀನೇ ಹೇಳ್ದೋನು, ನೀನೇ ಹೋಗಿ ಕರ್ಕೊಂಡು ಬಾ," ಎಂದ ಬಾರ್ನಿ.

ಕ್ರಿಸ್ಟಿಗೆ ಎಂಬತ್ತಾರು. ಮೊದಲು ಬಾಗಿಲು ತೆಗೆಯಲಿಲ್ಲ. ತೆಗೆದಾಗ ಮೊದಲು ನಾಯಿ ಬಂದು ಫೆಸ್ಟಸ್‌ನ ಪ್ಯಾಂಟಿನ ವಿಚಾರಣೆ ನಡೆಸಿತು.

"ಸಡಿಲ ಮೊಳೆ ಕ್ರಿಸ್ಟಿ ಬೇಕಾ ಈಗ?" ಎಂದರು ಮುದುಕರು.

"ನೀವಿಲ್ದೆ ಆಗಲ್ಲ. ನನಗೋಸ್ಕರ ಬನ್ನಿ," ಎಂದು ಫೆಸ್ಟಸ್ ಅಂಗಲಾಚಿದ, ಹರಿದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

ಆ ನೋಟಕ್ಕೆ ಮನಸ್ಸು ಕರಗಿತೋ ಏನೋ, ಬಂದರು.

ಬಂದವರು ಮೇಜಿನ ಸಾಲನ್ನು ನೋಡಿ ಬಹಳ ದಿನಗಳ ಮೇಲೆ ನಕ್ಕರು. "ಎಲ್ಲ ಕಬ್ಬಿಣ! ಕಬ್ಬಿಣ ಮನೇಲಿ ಓಡಾಡೋಕೆ. ಓಟದ ಹಿಂದಿನ ದಿನ ಅದನ್ನ ಕಿತ್ತು ಹಗುರದ ಅಲ್ಯೂಮಿನಿಯಂ ಹೊಡೀತಿದ್ದೆ. ಲಾಯದ ಬಾಗಿಲಲ್ಲಿ ಒಂದು ಪೀಪಾಯಿ ತುಂಬ ಹಳೇ ಲಾಳ ಇಟ್ಟಿದ್ರು ಲೆಡ್ವಿಜ್. ಬಂದವರಿಗೆಲ್ಲ ಒಂದೊಂದು." ಬಾರ್ನಿಯದನ್ನು ಎತ್ತಿ ತೂಗಿದರು. "ಇದು ನಿಮ್ಮಪ್ಪನ ಹಾಲಿನ ಗಾಡಿ ಕುದುರೇದು. ಪಾಪ, ಒಳ್ಳೇ ಕುದುರೆ."

ಮೂವತ್ತು ಲಾಳ ಬಿದ್ದುಹೋದವು. ಕೊನೆಗೆ ಫೆಸ್ಟಸ್ ತನ್ನ ಲಾಳಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಅದು ಅಲ್ಯೂಮಿನಿಯಂ.

ಕ್ರಿಸ್ಟಿ ಅದನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದರು. ಒಂದು ತೂತು, ಎರಡು ತೂತು, ಏಳು ತೂತು. ಮತ್ತೊಮ್ಮೆ ಎಣಿಸಿದರು.

"ಇದು ಬಿಷಪ್ಪಂದೇ. ಎಡ ಮುಂಗಾಲಿಂದು. ನಾನೇ ಮಾಡಿದ್ದು."

ಹಾಲ್ ಚಪ್ಪಾಳೆ ತಟ್ಟಿತು. ಡೆಲಿಯಾ ಅವನ ಕೆನ್ನೆಗೆ ಮುತ್ತಿಟ್ಟಳು. ಫಾದರ್ ಪೆನ್ನು ತೆಗೆದರು: "ಫೆಸ್ಟಸ್ ಕಡಿಹಿ. ತಗಡಿಗೆ ಹೀಗೇ ಬರೆಯೋಣ ತಾನೆ?" ಫೆಸ್ಟಸ್‌ನ ಎದೆ ಒಲೆಯಲ್ಲಿಟ್ಟ ಬ್ರೆಡ್ಡಿನಂತೆ ಉಬ್ಬಿತು.

"ಎಲ್ಲಿ ಸಿಕ್ತು ನಿನಗೆ?" ಎಂದರು ಕ್ರಿಸ್ಟಿ, ಮೆಲ್ಲಗೆ.

"ಒಂದ್ಸಲ ಓಟಕ್ಕೆ ಕರ್ಕೊಂಡು ಹೋಗುವಾಗ, ಲಾರೀಲಿ, ಹುಲ್ಲಿನ ಒಳಗೆ. ಹಿಂದೆ ಗೆದ್ದು ಬಂದಾಗ ಬಿದ್ದಿದ್ದು ಅಂದ್ಕೊಂಡೆ. ಸಿಕ್ಕಿದ ಲಾಳದ ವಿಷಯ ಬಾಯಿಬಿಟ್ರೆ ಅದೃಷ್ಟ ಹೊರಟೋಗುತ್ತಲ್ಲ? ಅದಕ್ಕೇ ಯಾರಿಗೂ ಹೇಳದೆ ಜೇಬಿಗೆ ಹಾಕ್ಕೊಂಡೆ."

"ಕುದುರೆ ಕಾಲು ನೋಡ್ಲಿಲ್ವೇನೋ?"

"ಎಲ್ಲಿ ನೋಡೋದು? ಅವತ್ತು ಮಳೆ. ಇಳಿಸಿದ ಕೂಡ್ಲೇ ಮೊಣಕಾಲ ತನಕ ಕೆಸರು."

ಕ್ರಿಸ್ಟಿ ಲಾಳವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಬಿಷಪ್ಪನ ಲಾಳಕ್ಕೆ ಯಾವಾಗ್ಲೂ ಆರು ತೂತು. ಕೊನೇ ಓಟದ ಹಿಂದಿನ ದಿನ ಗೊರಸು ಸೀಳಿತ್ತು, ಅದಕ್ಕೆ ಒಳಗಡೆ ಏಳನೇದು ಕೊರೆದೆ. ಜೀವಮಾನದಲ್ಲಿ ಅಂಥದ್ದು ಒಂದೇ ಮಾಡಿದ್ದು. ಹೋಗ್ತಾ ಲಾರೀಲೇ ಕಾಲು ಬಡಿದು ಕಿತ್ಕೊಂಡಿದೆ. ಹೇಳಿದ್ರೆ ಅಲ್ಲೇ ಬೇರೆ ಹೊಡೆಸಬಹುದಿತ್ತು. ಬಿಷಪ್ ಬರಿಗಾಲಲ್ಲಿ ಓಡ್ತು. ಅದರ ಲಾಳ ಈ ಮಹಾರಾಯನ ಜೇಬಲ್ಲಿ ನಿಂತು ಓಟ ನೋಡ್ತಿತ್ತು!"

ಊರಿನ ಮೂವತ್ತು ವರ್ಷದ ಸಂಕಟವೆಲ್ಲ ಕತ್ತು ತಿರುಗಿಸಿ ಫೆಸ್ಟಸ್‌ನನ್ನು ನೋಡಿತು. ಬಾರ್ನಿ ಎದ್ದು ತನ್ನ ಕುರ್ಚಿಯನ್ನು ಕ್ರಿಸ್ಟಿಗೆ ಕೊಟ್ಟ. ಡೆಲಿಯಾ ಮುತ್ತಿಟ್ಟ ತುಟಿಯನ್ನು ಒರೆಸಿಕೊಂಡಳು.

"ಫಾದರ್," ಎಂದ ಫೆಸ್ಟಸ್. "ಕ್ರಿಸ್ಟಿಯವರಿಗೆ ವಯಸ್ಸಾಯ್ತು. ಕಣ್ಣು ಮಂಜು. ನಂದೂ ನಕಲಿ ಅಂತಲೇ ಬರ್ಕೊಂಡ್ಬಿಡಿ. ಇದೂ ಆ ಪೀಪಾಯಿದೇ ಇರ್ಬೇಕು."

ಸುಳ್ಳು ಲಾಳಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ಊರಿಗೆ ಊರೇ ಆ ದಿನ ಮೊದಲ ಬಾರಿಗೆ ಒಂದೇ ದನಿಯಲ್ಲಿ ಕೂಗಿತು:

"ಅಸಲಿ, ಫಾದರ್! ನೂರಕ್ಕೆ ನೂರು ಅಸಲಿ! ಹೆಸರು ಕೆತ್ತಿಸಿ, ದಪ್ಪ ಅಕ್ಷರದಲ್ಲಿ!"